ಅವನು ಕೊಟ್ಟ ನಾಲ್ಕು ಶೆಲ್ಲು

ಇರಿ ಇರಿ, ಹಂಗೇ ಮುಂದಕ್ಕೆ ಹೋಗ್ಬೇಡಿ! ಐದೇ ನಿಮಿಷ ಕೂತು ಪ್ರಮೀಳಾ ಕಥೆ ಪೂರ್ತಿ ಕೇಳಿ. ಆಮೇಲೆ ಅವಳನ್ನ ಬೈತೀರೋ, ಅವಳ ಜೊತೆ ಅಳ್ತೀರೋ, ನಿಮಗೇ ಬಿಟ್ಟಿದ್ದು...

1994. ಶ್ರೀರಂಗಪಟ್ಟಣ. ಭಾನುವಾರ ಬೆಳಗ್ಗೆ.

"ಪಾಠ ಒಪ್ಸೋಕೆ ಬರಲ್ವಾ? ಹಂಗಾದ್ರೆ ಎದ್ದು ಜಗಲಿ ಮೇಲೆ ಕೂತ್ಕೊ. ಇವತ್ತು ನಿಂಗೆ ಬರೀ ಕೇಳೋದು!"

ಸಂಗೀತದ ಮಂಗಳಮ್ಮ ಮೇಡಂ ಮನೆ ಕಾನೂನೇ ಅದು. ಹೋದ ವಾರದ ಪಾಠ ತಯಾರಿ ಮಾಡ್ಕೊಂಡು ಬಂದೋರಿಗೆ ಮಾತ್ರ ಹೊಸ ಪಾಠ.

ಪ್ರಮೀಳಾ ಮುಖ ಕೆಂಪಗೆ ಮಾಡ್ಕೊಂಡು ಎದ್ದು ಬಂದಳು. ಪಾಪ, ಕಿಕ್ಕೇರಿಯಿಂದ ಎರಡು ಬಸ್ಸು ಹತ್ತಿಳಿದು ಬರೋ ಹುಡುಗಿ. ಕಲಿತಿದ್ದೆಲ್ಲಾ ವಾಪಸ್ ಹೋಗೋವಾಗ ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡ್ ಗಲಾಟೇಲೇ ಮರೆತುಹೋಗ್ತಿತ್ತು.

ಜಗಲಿ ಹತ್ರ ಒಬ್ಬ ಚಪ್ಪಲಿ ಬಿಡ್ತಾ ನಗ್ತಿದ್ದ. ಅವಳಿಗೆ ಉರಿದುಹೋಯ್ತು!

"ಏನ್ರೀ ನೋಡ್ತೀರಾ? ಹಾಡು ಮರ್ತೋದೋರ್ನ ನೋಡೇ ಇಲ್ವಾ?"

"ನೋಡಿವ್ನಿ. ಇಷ್ಟ್ ಜೋರಾಗಿ ಹೇಳ್ಕೊಳೋರ್ನ ನೋಡಿರ್ಲಿಲ್ಲ!"

ಅವನೇ ಶಿವಶಂಕರ್, ಪಾಂಡವಪುರದವನು. ಮೇಡಂ ಹತ್ರ ಮೂರು ವರ್ಷದಿಂದ ಕಲೀತಿದ್ದ. ಅವನು ಬಾಯಿ ಬಿಟ್ಟು ಹಾಡಿದ್ರೆ ಬೀದೀಲಿ ಹೋಗೋರು ಸೈಕಲ್ ನಿಲ್ಸಿ ಕೇಳೋರು.

ಜಗಳದಲ್ಲಿ ಶುರುವಾಗಿದ್ದು ನಾಲ್ಕೇ ಭಾನುವಾರದಲ್ಲಿ ಬೇರೆ ಏನೋ ಆಗ್ಬಿಟ್ಟಿತ್ತು... ಏನು ಅಂತ ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಒಂದಿನ ಮೇಡಂ ಎಲ್ಲರನ್ನೂ ಕೂರಿಸಿ ಹೇಳಿದ್ರು. "ಮೈಸೂರು ರೇಡಿಯೋದಲ್ಲಿ ಹಾಡೋಕೆ ಆಡಿಷನ್ ಇದೆ. ಈ ವರ್ಷ ನಾನು ಒಬ್ಬರ ಫಾರಂಗೆ ಮಾತ್ರ ಸೈನ್ ಹಾಕೋದು. ಒಂದ್ ತಿಂಗ್ಳು ಪಾಠ ಇಲ್ಲ. ಈ ಕೀರ್ತನೆ ಮನೇಲಿ ಸಾಧನೆ ಮಾಡ್ಕೊಂಡು ಬನ್ನಿ. ಚೆನ್ನಾಗಿ ಹಾಡಿದೋರಿಗೆ ಫಾರಂ."

ಪ್ರಮೀಳಾಗೆ ಇದೇ ಕೊನೇ ಅವಕಾಶ. ಅಪ್ಪ ಕೆಂಪಣ್ಣ ಮೊದಲೇ ಹೇಳಿಬಿಟ್ಟಿದ್ದ. "ನೋಡವ್ವ, ಈ ಸಲ ನಿಮ್ ಮೇಡಮ್ಮು ಆರ್ಸುದ್ರೆ ಹಾಡ್ಕೊ. ಇಲ್ಲಾಂದ್ರೆ ಡೈರಿಗೆ ಹಾಲಾಕ್ಕೊಂಡು ಸುಮ್ಕಿರು. ವಾರ ವಾರ ಬಸ್ಸಲ್ಲಿ ಎಲ್ಲೋಗ್ತಾಳೆ ಅಂತ ಊರೋರು ಕೇಳ್ತಾವ್ರೆ."

ಅವತ್ತು ಶಿವಶಂಕರ್ ತನ್ನ ಟೇಪ್ ರೆಕಾರ್ಡರ್ ತಂದಿದ್ದ. ಮೇಡಂನ ಕೇಳ್ಕೊಂಡು, ಅವರು ಹಾಡಿದ್ದನ್ನ ಕ್ಯಾಸೆಟ್ಟಿಗೆ ತುಂಬ್ಸಿ, ಟೇಪ್ ರೆಕಾರ್ಡರ್ ಸಮೇತ ಅವಳ ಕೈಗಿಟ್ಟ. ಜೊತೆಗೆ ನಾಲ್ಕು ಹೊಸ ಬ್ಯಾಟರಿ ಶೆಲ್ಲು.

"ಮರ್ತೋದ್ರೆ ಇದ್ನ ಕೇಳಿ. ಕರೆಂಟ್ ಇಲ್ದಾಗ ಈ ಶೆಲ್ ಹಾಕ್ಕೊಳಿ."

"ನೀವೂ ಅದೇ ಫಾರಂಗೆ ಹಾಡ್ತಿದೀರ ಅಲ್ವಾ? ನಂಗ್ಯಾಕ್ರೀ ಸಹಾಯ?"

"ಸೋತ್ರೆ ನಿಮ್ ಹತ್ರನೇ ಸೋಲ್ಬೇಕು ಅಂತ," ಅಂದು ನಕ್ಕುಬಿಟ್ಟ!

ಮನೆಗೆ ಬಂದು ಪ್ರಮೀಳಾ ಏನು ಮಾಡಿದ್ಲು ಗೊತ್ತಾ? ಆ ನಾಲ್ಕು ಶೆಲ್ಲನ್ನ ಕರ್ಚೀಫಲ್ಲಿ ಸುತ್ತಿ ಟ್ರಂಕಿನ ತಳಕ್ಕಿಟ್ಟಳು! *ಅವ್ನು ಕೊಟ್ಟ ಮೊದಲ್ನೇ ವಸ್ತು... ಹಾಕಿದ್ರೆ ಖರ್ಚಾಗೋಗ್ತದಲ್ಲ!*

ಬೆಳಗಿನ ಜಾವ ಊರಲ್ಲಿ ಕರೆಂಟಿರ್ತಿರಲಿಲ್ಲ. ಅವ್ವ ಚಲುವಮ್ಮ ಟಾರ್ಚಿನ ಹಳೇ ಶೆಲ್ಲುಗಳನ್ನ ಹಂಚಿನ ಮೇಲೆ ಬಿಸಿಲಿಗಿಟ್ಟು ಜೀವ ಬರಿಸ್ತಿದ್ಲು. ನಮ್ ಕಡೆ ಎಲ್ಲರ ಮನೇಲೂ ಇದ್ದದ್ದೇ ಬಿಡಿ. ಪ್ರಮೀಳಾ ಅವನ್ನೇ ಹಾಕ್ಕೊಂಡು ದಿನಾ ಸಾಧನೆ ಮಾಡಿದ್ಲು. ಒಂದು ದಿನಾನೂ ತಪ್ಪಿಸಲಿಲ್ಲ. ಟೇಪು ದಿನಕ್ಕಿಷ್ಟು ನಿಧಾನ ಆಗ್ತಾ, ಮೇಡಂ ದನಿ ದಿನಕ್ಕಿಷ್ಟು ಇಳೀತಾ ಹೋಯ್ತು. ಅವಳ ದನೀನೂ ಅದರ ಜೊತೇಲೇ ಇಳೀತು. ಅವಳಿಗೆ ಗೊತ್ತೇ ಆಗಲಿಲ್ಲ...

ತಿಂಗಳಾದ್ಮೇಲೆ ಮೇಡಂ ಶ್ರುತಿ ಪೆಟ್ಟಿಗೆ ಹಾಕಿದ್ರು. ಪ್ರಮೀಳಾ ಕಣ್ಮುಚ್ಚಿ ಶುರು ಮಾಡಿದ್ಲು.

ಎರಡನೇ ಸಾಲಿಗೇ ಹುಡುಗೀರು ಕಿಸಕ್ಕನೆ ನಕ್ಕರು!

"ನಿಲ್ಸು! ಶ್ರುತಿ ಒಂದ್ ಕಡೆ, ನೀನ್ ಒಂದ್ ಕಡೆ! ಏನೇ ಈ ಎಳೆದಾಟ? ಪುಸ್ತಕಾನೇ ತೆಗ್ದಿಲ್ವಾ ನೀನು?"

"ದಿನಾ ಮಾಡಿವ್ನಿ ಮೇಡಂ... ಟೇಪಲ್ಲಿ ಇದ್ದಂಗೇ..."

ಚೀಲದಲ್ಲಿ ತಂದಿದ್ದ ಟೇಪ್ ರೆಕಾರ್ಡರ್ ತೆಗೆದು ಒತ್ತಿದಳು. ಮೇಡಂ ದನಿ ದಪ್ಪಗೆ, ಎಳ್ಕೊಂಡು, ಯಾರೋ ಗಂಡಸಿನ ಥರ ಬಂತು.

ಪ್ರಮೀಳಾ ತಲೇಲಿ ಏನೋ ಸಿಡಿದಂಗಾಯ್ತು.

"ಇವ್ನೇ ಮೇಡಂ! ಕೆಟ್ಟೋಗಿರೋ ಟೇಪು ಬೇಕಂತ್ಲೇ ಕೊಟ್ಟವ್ನೆ! ಫಾರಂ ಇವ್ನಿಗೇ ಸಿಗ್ಲಿ ಅಂತ!"

ಶಿವಶಂಕರ್ ಟೇಪು ತಿರುಗಿಸಿ ಶೆಲ್ಲಿನ ಮುಚ್ಚಳ ತೆಗೆದ. ಒಳಗೆ ತುಕ್ಕು ಹಿಡಿದ ಹಳೇ ಶೆಲ್ಲು... ಅವನು ಕೊಟ್ಟವಲ್ಲ. ಅವಳ ಮುಖ ಒಂದ್ಸಲ ನೋಡಿದ.

"ನೋಡು ಶಿವು," ಮೇಡಂ ದನಿ ಗಡುಸಾಗಿತ್ತು. "ಅವಳು ತಯಾರಿ ಮಾಡ್ದೆ ಬಂದಿದ್ರೆ ಈಗ್ಲೇ ಆಚೆ. ನೀನು ಮೋಸ ಮಾಡಿದ್ರೆ ನೀನು ಆಚೆ, ಅವಳಿಗೆ ಇನ್ನೊಂದ್ ವಾರ. ಯಾವ್ದು ನಿಜ?"

ಅವನು ಮುಚ್ಚಳ ಟಪ್ ಅಂತ ಮುಚ್ಚಿದ.

"ನಾನೇ ಮೇಡಂ."

"ಥೂ! ಎದ್ದೋಗು. ಇನ್ಮೇಲೆ ಈ ಹೊಸಲು ತುಳೀಬೇಡ!"

ಹೋಗೋವಾಗ ಟೇಪ್ ಕೂಡ ತಗೊಳಲಿಲ್ಲ. ಪ್ರಮೀಳಾ ಅವನ ಬೆನ್ನಿಗೆ ಹೇಳಿದ್ಲು: "ನಿಮ್ಮಂಥೋರ್ನ ನಂಬಿದ್ನಲ್ಲ, ನಂಗೆ ಬುದ್ಧಿ ಇಲ್ಲ!"

ಒಂದು ವಾರ ಮೇಡಂ ಮನೇಲೇ ಇದ್ದು, ಶ್ರುತಿ ಪೆಟ್ಟಿಗೆ ಮುಂದೆ ಕೂತು ಸಾಧನೆ ಮಾಡಿದ್ಲು. ಹಾಡಿದ್ಲು. ಫಾರಂ ಅವಳಿಗೇ ಸಿಕ್ತು!

ಕುಣೀತಾ ಮನೆಗೆ ಬಂದಾಗ ಚಲುವಮ್ಮ ಹಂಚಿನ ಮೇಲೆ ಶೆಲ್ ಜೋಡಿಸ್ತಿದ್ಲು.

"ಬಿಸ್ಲು ಚೆಂದಾಗೈತೆ ಕಣವ್ವ, ಒಣಗಾಕಿವ್ನಿ. ಆದ್ರೂ ಓದ್ ತಿಂಗ್ಳು ಶೆಲ್ ಮುಗ್ದಂಗೆಲ್ಲಾ ನಿಮ್ ಮೇಡಮ್ಮು ನಮ್ ಎಮ್ಮೆ ಅರ್ಚ್ದಂಗೆ ಎಳೀತಿದ್ಲು ಬುಡು! ನಿಮ್ಮಪ್ಪ ಬಿದ್ ಬಿದ್ ನಗಾಡೋರು."

ಪ್ರಮೀಳಾ ಕಾಲು ಅಲ್ಲೇ ನಿಂತುಹೋಯ್ತು.

ಒಳಗೆ ಓಡಿ ಟ್ರಂಕ್ ತೆಗೆದು, ಕರ್ಚೀಫ್ ಬಿಚ್ಚಿ, ಆ ನಾಲ್ಕು ಹೊಸ ಶೆಲ್ ಟೇಪಿಗೆ ಹಾಕಿ ಒತ್ತಿದಳು.

ಮೇಡಂ ದನಿ... ತೆಳ್ಳಗೆ, ಚುರುಕಾಗಿ, ಸರಿಯಾದ ಶ್ರುತೀಲಿ!

*ಅವ್ನು ಮುಚ್ಚಳ ತೆಗ್ದು ನೋಡ್ದ. ಎಲ್ಲಾ ಗೊತ್ತಾಯ್ತು. ಗೊತ್ತಾಗಿ ನಾನೇ ಅಂದ... ದೇವ್ರೇ!*

ಹೋಗಿ ಮೇಡಂಗೆ ನಿಜ ಹೇಳ್ಬೇಕಿತ್ತು. ಆದ್ರೆ ಅಪ್ಪ ಆಗಲೇ ಡೈರೀಲಿ ನಿಂತು "ನಮ್ಮುಡ್ಗಿ ರೇಡಿಯೋಲಿ ಆಡ್ತಾಳೆ" ಅಂತ ಊರಿಗೆಲ್ಲಾ ಹೇಳಿಬಿಟ್ಟಿದ್ದ. ನಾಳೆ ಹೇಳ್ತೀನಿ, ಆಡಿಷನ್ ಆಗ್ಲಿ... ಅಂತ ಆರು ತಿಂಗಳು ಕಳೀತು. ಪಾಸಾದ ಕಾಗದಾನೂ ಬಂತು.

ಆ ಕಾಗದ, ಆ ಟೇಪು ಎರಡೂ ಹಿಡ್ಕೊಂಡು ಅವಳು ಪಾಂಡವಪುರಕ್ಕೆ ಬಂದಳು.

ಅವನು ಮಾವನ ಮೈಕ್‌ಸೆಟ್ ಅಂಗಡೀಲಿ ವೈರು ಸುತ್ತುತ್ತಿದ್ದ. ನೋಡಿ ಎದ್ದು ನಿಂತ.

"ಏನು, ಮೈಕ್‌ಸೆಟ್ ಬೇಕಾಗಿತ್ತಾ? ಮದ್ವೇನಾ?"

ಆ ದನಿ! ಒಣಗಿಹೋಗಿತ್ತು...

"ಬೈರಿ ನಂಗೆ. ಇಂಗ್ ಮಾತಾಡ್ಬೇಡಿ."

"ಯಾವಾಗ ಗೊತ್ತಾಯ್ತು?"

"ಫಾರಂ ಸಿಕ್ಕಿದ್ ದಿನಾನೇ."

ಅವನು ನಕ್ಕ. ಆ ನಗು ಬೈಗುಳಕ್ಕಿಂತ ಜೋರಾಗಿ ಹೊಡೀತು. "ಆರ್ ತಿಂಗ್ಳು! ಒಂದ್ ಕಾಗ್ದ ಆದ್ರೂ ಬರೀಬೋದಿತ್ತಲ್ಲ ಪ್ರಮೀಳಾ... ನಾನ್ ದಿನಾ ಪೋಸ್ಟ್‌ಮ್ಯಾನ್ ನೋಡ್ತಿದ್ದೆ."

ಅವಳು ಅಳ್ತಾ ನಿಂತಳು.

"ಒಂದೇ ಮಾತು ಹೇಳು. ಕೊಟ್ಟ ಶೆಲ್ ಯಾಕ್ ಹಾಕ್ಲಿಲ್ಲ?"

"ನೀವ್ ಕೊಟ್ಟಿದ್ದು ಅಂತ... ಟ್ರಂಕಲ್ಲಿ ಇಟ್ಕೊಂಡಿದ್ದೆ. ಖರ್ಚಾಗೋಗ್ತದೆ ಅಂತ."

ಅವನ ಕೈಲಿದ್ದ ವೈರು ಜಾರಿಬಿತ್ತು. ಕಣ್ಣು ತುಂಬಿ ಬಂತು.

"ಹುಚ್ಚಿ..."

"ಈಗ್ಲೇ ಶ್ರೀರಂಗಪಟ್ಟಣಕ್ಕೆ ಹೋಗಿ ಮೇಡಂಗೆ ಎಲ್ಲಾ ಹೇಳ್ಬುಡ್ತೀನಿ. ನೀವ್ ಮತ್ತೆ ಹಾಡ್ಬೇಕು!"

"ಹೇಳಿದ್ರೆ ಅವ್ರು ನಿನ್ನೂ ಆಚೆ ಹಾಕ್ತಾರೆ. ನಿಮ್ಮಪ್ಪ ಬಸ್ ಹತ್ಸಲ್ಲ. ನನ್ ಗಂಟ್ಲು ಆರ್ ತಿಂಗ್ಳಿಂದ 'ಹಲೋ ಮೈಕ್ ಟೆಸ್ಟಿಂಗ್' ಬಿಟ್ಟು ಬೇರೇನೂ ಹಾಡಿಲ್ಲ ಕಣೆ. ಇಬ್ರಲ್ಲಿ ಒಬ್ರಾದ್ರೂ ಹಾಡ್ಲಿ ಬಿಡು."

ಎದುರಿಗೆ ಶ್ರೀರಂಗಪಟ್ಟಣದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗಿದ. ಹೊರಟೂ ಹೋಯ್ತು.

ಅವಳು ಹತ್ತಲಿಲ್ಲ.

"ನಂಜೊತೆ ಇರ್ತೀರಾ... ಜೀವ್ನ ಪೂರ್ತಿ?"

"ಇರ್ತೀನಿ."

"ಹಾಡ್ತೀರಾ?"

ಅವನು ಟೇಪಿನ ಮುಚ್ಚಳ ತೆಗೆದು, ನಾಲ್ಕೂ ಶೆಲ್ಲನ್ನ ಬೆರಳಲ್ಲಿ ಒತ್ತಿ ನೋಡಿ, ಮೆಲ್ಲಗೆ ಹೇಳಿದ.

"ಶೆಲ್ ನೋಡ್ಕೊಳೋದು ನಂದು. ಹಾಡೋದು ನಿಂದು."

ಹೇಳಿ, ಪ್ರಮೀಳಾ ಜಾಗದಲ್ಲಿ ನೀವಿದ್ದಿದ್ರೆ ಆ ಬಸ್ಸು ಹತ್ತಿ ಹೋಗಿ ಮೇಡಂ ಬಾಗಿಲು ತಟ್ತಿದ್ರಾ? ಇಲ್ಲಾ, ಸುಮ್ನೆ ಹಾಡ್ಕೊಂಡು ಇದ್ದುಬಿಡ್ತಿದ್ರಾ?