ಗುಲ್‌ಮೊಹರ್ ಸಾಲಿನ ಸುಳ್ಳುಗೂಡು

ಇಸವಿ ಎರಡು ಸಾವಿರದ ಅರವತ್ತೊಂದು. ಸಂಜೆ ಗಾಳಿ ಎದ್ದ ಕೂಡಲೇ ಹೊಸಬಾವಿ ಪಟ್ಟಣದ ಗುಲ್‌ಮೊಹರ್ ಸಾಲಿನಲ್ಲಿ ಕಟ್ಟಿದ್ದ ಸುಳ್ಳುಗೂಡುಗಳು ವಾಸನೆ ಬಿಡತೊಡಗಿದವು. ಮನುಷ್ಯರ ಮೂಗಿಗೆ ಅದು ತಿಳಿಯದು. ಗಂಡು ಪತಂಗಗಳು ಮಾತ್ರ ಹುಚ್ಚೆದ್ದು ಗೂಡಿನಿಂದ ಗೂಡಿಗೆ ಅಲೆದವು. ಎಲ್ಲಿಯೂ ಹೆಣ್ಣಿಲ್ಲ!

ಇದು ವಿಜ್ಞಾನಿ ಗಂಗಾಂಬಿಕಾ ಹೊಸಕೇರಿಯವರ ಉಪಾಯ. ಚೀಲದ ಹುಳು ಈ ಮರಗಳ ಎಲೆ ಮೇಯುತ್ತಾ, ಕಡ್ಡಿಚೂರುಗಳನ್ನು ತನ್ನದೇ ನೂಲಿನಿಂದ ಹೆಣೆದು ಮೈಸುತ್ತ ಚೀಲ ಕಟ್ಟಿಕೊಳ್ಳುತ್ತದೆ. ಬೆಳೆದ ಹೆಣ್ಣಿಗೆ ರೆಕ್ಕೆಯಿಲ್ಲ. ಚೀಲದೊಳಗಿಂದಲೇ ವಾಸನೆ ಬೀರಿ ಗಂಡನ್ನು ಕರೆದು, ಅಲ್ಲೇ ಮೊಟ್ಟೆಯಿಟ್ಟು ಸಾಯುತ್ತದೆ. ಮರಿಗಳು ನೂಲಿಗೆ ಜೋತು, ಗಾಳಿ ಹಿಡಿದು ಪಕ್ಕದ ಮರ ಸೇರುತ್ತವೆ. ಹೆಣ್ಣಿನ ವಾಸನೆಯನ್ನೇ ಬಿಡುವ ಸುಳ್ಳುಗೂಡು ಕಟ್ಟಿ ಗಂಡಿಗೆ ದಾರಿ ತಪ್ಪಿಸಿದರೆ ಸಂತತಿ ನಿಲ್ಲುತ್ತದೆ.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ನಗರಸಭೆಯ ಎಂಜಿನಿಯರ್ ಪ್ರಭುಲಿಂಗ ಕರಡಿಯವರು ಗರಗಸದವರ ಜೊತೆ ಬಂದಿಳಿದರು.

"ಏನ್ರೀ ಮೇಡಂ, ಚೀಲ ಇನ್ನೂ ಜೋತಾಡಾಕ ಹತ್ತ್ಯಾವ! ಮರ ಕಡದು ನೆರಳಿಗೆ ತಗಡು ಹಾಕ್ತೀವಿ."

"ಹುಳ ಸತ್ತರೂ ಚೀಲ ಉದುರೂದಿಲ್ರಿ. ಬಿಚ್ಚಿ ನೋಡಬೇಕು," ಎಂದರು ಗಂಗಾಂಬಿಕಾ.

ಕತ್ತರಿ ತೆಗೆದು ಒಂದು ಚೀಲ ಸೀಳಿದರು. ಒಣಗಿದ ಹೆಣ್ಣು, ಮೊಟ್ಟೆಯಿಲ್ಲ. ಇನ್ನೊಂದೂ ಹಾಗೆಯೇ. ಆ ನೆರಳಲ್ಲೇ ಮಿರ್ಚಿ ಕರಿದು ಬದುಕುವ ಬೀಬಿಜಾನ್ ಒಲೆ ಬಿಟ್ಟು ಬಂದು ನೋಡುತ್ತಿದ್ದಳು. ಅಷ್ಟರಲ್ಲಿ ಒಂದು ಚೀಲದಿಂದ ರವೆಯಂಥ ಮೊಟ್ಟೆಗಳು ಅಂಗೈಗೆ ಸುರಿದವು. ಗಂಗಾಂಬಿಕಾ ಮುಷ್ಟಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ.

"ಕೆಲವು ಉಳದಾವ," ಎಂದರು.

"ನೋಡ್ರಿ ಮತ್ತ!" ಎಂದು ಕರಡಿ ಗರಗಸದವನಿಗೆ ಸನ್ನೆ ಮಾಡಿದರು.

ಬೀಬಿಜಾನ್ ಓಡಿಹೋಗಿ ಮರಕ್ಕೆ ಬೆನ್ನು ಕೊಟ್ಟು ನಿಂತಳು. "ಹೇನು ಆಗ್ಯಾವಂತ ಯಾರರ ತಲಿ ಕಡೀತಾರೇನ್ರಿ ಸಾಹೇಬ್ರ? ಹೆಕ್ಕಿ ತಗೀತೀವಿ, ತಡೀರಿ!"

ನೋಡನೋಡುತ್ತ ಅಂಗಡಿಯವರ ಏಣಿಗಳು ಬಂದವು, ಮನೆಗಳಿಂದ ಕತ್ತರಿಗಳು ಬಂದವು. ಕೊಂಬೆಗೆ ಬಿಗಿದ ನೂಲು ಕತ್ತರಿಸಿ, ಚೀಲಗಳನ್ನು ಸಾಬೂನು ನೀರಿನ ಬಕೆಟ್ಟಿಗೆ ಹಾಕತೊಡಗಿದರು. ಮೊಟ್ಟೆ ಒಡೆಯಲು ಇನ್ನೂ ಸಮಯವಿತ್ತು.

"ಸರಕಾರಿ ಕೆಲಸಕ್ಕ ಅಡ್ಡಿ ಮಾಡಾಕ ಹತ್ತೀರಿ. ಕೇಸ್ ಆಗ್ತದ," ಎಂದು ಕರಡಿ ಗದರಿದರು.

"ಹಾಕ್ರಿ," ಎಂದರು ಗಂಗಾಂಬಿಕಾ ಏಣಿಯ ಮೇಲಿಂದಲೇ. "ಮೊದ್ಲ ಈ ಏಣಿ ಒಂಚೂರು ಹಿಡೀರಿ."

ಕರಡಿ ಏಣಿ ಹಿಡಿಯಲಿಲ್ಲ. ಆದರೆ ಗರಗಸದವನು ಗರಗಸ ಕೆಳಗಿಟ್ಟು ಬಂದು ಹಿಡಿದ.

ಇದು ಮುಂದಿನ ಕಾಲದ ಕತೆ; ಇಂಥ ಸುಳ್ಳುಗೂಡು ನಮ್ಮ ಊರಿಗೆ ಬರಲು ಇನ್ನೂ ದಶಕಗಳು ಬೇಕಾದೀತು. ಏಣಿ, ಕತ್ತರಿ, ಸಾಬೂನು ನೀರು ಇವತ್ತೇ ನಮ್ಮ ಮನೆಗಳಲ್ಲಿವೆ. ಹಾಗಿದ್ದೂ ನಮ್ಮ ಬೀದಿಗೆ ಮೊದಲು ಬರುವುದು ಗರಗಸ. ಅದರೆದುರು ಮರಕ್ಕೆ ಬೆನ್ನು ಕೊಟ್ಟು ನಿಲ್ಲಲು ನಾವು ಯಾವ ವಿಜ್ಞಾನಿಯ ದಾರಿ ಕಾಯುತ್ತಿದ್ದೇವೆ?