ಎರಡು ಕೊಡ ನೀರು, ಒಂದು ಬೆಂಕಿ ರೇಖೆ

"ಹುಡುಗೀರು ಮಲಗಿರೋ ಡೇರೆ ಸುತ್ತ ಬೆಂಕಿ ಹಾಕ್ತೀರಲ್ಲ, ಮೈಮ್ಯಾಲೆ ಗ್ಯಾನ ಐತೇನ್ರೀ ನಿಮಗೆ?"

ಹೊನ್ನಕ್ಕನ ಕೂಗಿಗೆ ಖಾಕಿ ಅಂಗಿಯ ಯುವಕ ತಿರುಗಿದ. ಅವನಿಗೆ ಬಾಯಿ ತೆರೆಯಲೂ ಅವಳು ಪುರುಸೊತ್ತು ಕೊಡಲಿಲ್ಲ. ಡೇರೆಯ ಮುಂದಿದ್ದ ಎರಡು ಕೊಡ ನೀರನ್ನೂ ಉರಿಯುವ ಹುಲ್ಲಿನ ಮೇಲೆ ಸುರಿದೇಬಿಟ್ಟಳು!

ಅವಳ ಸಿಟ್ಟಿಗೂ ಕಾರಣವಿತ್ತು ಬಿಡಿ. ಅದು ೧೯೭೪ರ ಜನವರಿ. ದುರ್ಗದ ಕಾಲೇಜಿನ ಆರು ಹುಡುಗಿಯರು ಜೋಗಿಮಟ್ಟಿ ಬೆಟ್ಟದ ಹುಲ್ಲುಗಾಡಿನಲ್ಲಿ ಮೂರು ದಿನ ಡೇರೆ ಹಾಕಿಕೊಂಡು ಇರುತ್ತಾರೆಂದರೆ ಜನ ನಗದೆ ಇರುತ್ತಾರೆಯೇ?

ಆ ಆರರಲ್ಲಿ ಒಬ್ಬಳಾದ ಹೊನ್ನಕ್ಕನ ಅಪ್ಪ, ಹೊಸದುರ್ಗದ ಕೊಬ್ಬರಿ ವ್ಯಾಪಾರಿ ಹನುಮಂತಯ್ಯ, ನಕ್ಕು ಸುಮ್ಮನಾಗಲಿಲ್ಲ. ಮೂರು ದಿನ ತುಂಬುವ ಮೊದಲೇ ಬೆಟ್ಟ ಇಳಿದರೆ ಓದು ಬಿಟ್ಟು, ತಾವು ನೋಡಿದ ಗಂಡನ್ನು ಮದುವೆಯಾಗಬೇಕು ಎಂದಿದ್ದರು. ಆಗಲಿ ಎಂದು ಎದೆಯುಬ್ಬಿಸಿ ಬಂದವಳು ಹೊನ್ನಕ್ಕ.

'ಒಂದು ರಾತ್ರಿ ಕಳೆಯುವುದರಲ್ಲೇ ಯಾವನೋ ಹೊಗೆ ಹಾಕಿ ಓಡಿಸಲು ಬಂದನಲ್ಲ... ನಾನು ಬಿಡ್ತೀನಾ?'

ಯುವಕನ ಹೆಸರು ಚಿತ್ರಲಿಂಗಪ್ಪ, ತುರುವನೂರಿನವನು, ಅಲ್ಲಿನ ಫಾರೆಸ್ಟ್ ಗಾರ್ಡ್.

"ಇದು ಬೆಂಕಿ ರೇಖೆ ಕಣ್ರೀ. ಬೆಳಿಗ್ಗೆ ಮಂಜು ಇದ್ದಾಗ ನಾವೇ ಸುತ್ತ ಹುಲ್ಲು ಸುಟ್ಟು ಬಿಡ್ತೀವಿ. ಕಾಡಿಗೆ ಬೆಂಕಿ ಬಿದ್ರೆ ಆ ಕರೀ ಪಟ್ಟಿ ದಾಟಿ ನಿಮ್ಮ ಡೇರೆಗೆ ಬರಬಾರದು ಅಂತ."

ಹೊನ್ನಕ್ಕ ಆಗ ನೋಡಿದಳು. ಡೇರೆಗಳ ಸುತ್ತ ಕಪ್ಪು ಪಟ್ಟಿ ಬಂದು, ಅವಳು ನೀರು ಸುರಿದ ಕಡೆ ನಿಂತುಹೋಗಿತ್ತು. ನಾಚಿಕೆಯಿಂದ ಮುಖ ಕೆಂಪಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಇದ್ದದ್ದು ಆ ಎರಡು ಕೊಡವೇ, ನೀರಿನ ಗಾಡಿ ಬರುವುದು ಮರುದಿನ ಸಂಜೆಗೆ. ಕುಡಿಯಲು ಹನಿ ನೀರಿಲ್ಲದೆ ಮಕ್ಕಳನ್ನು ಇಟ್ಟುಕೊಳ್ಳಲಾರೆ, ಈಗಲೇ ಇಳಿಯೋಣ ಎಂದುಬಿಟ್ಟರು ಜೊತೆಗೆ ಬಂದಿದ್ದ ಕಾಲೇಜಿನ ಮೇಡಂ ಅನ್ನಪೂರ್ಣಮ್ಮ.

'ಅಯ್ಯೋ, ನನ್ನ ಕೈಯಾರೆ ನಾನೇ ಸೋತೆನಲ್ಲ...'

ಕೆಳಗೆ ಮೈಲಿ ದೂರದಲ್ಲಿ, ಬಂಡೆಗಳ ನಡುವಿನ ದೊಣೆಯಲ್ಲಿ ಒಳ್ಳೆಯ ನೀರಿದೆ, ತಾನು ತರುತ್ತೇನೆ ಎಂದ ಚಿತ್ರಲಿಂಗಪ್ಪ. ಹೊನ್ನಕ್ಕ ಒಂದು ಕೊಡವನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಚೆಲ್ಲಿದೋಳು ನಾನು. ಹೊರೋಳೂ ನಾನೇ."

ಅಂದು ಬೆಳಿಗ್ಗೆ ಸಂಜೆ, ಮರುದಿನ ಬೆಳಿಗ್ಗೆ, ಇಬ್ಬರೂ ಆ ದಾರಿ ಸವೆಸಿದರು. ಮುಳ್ಳು ಗೀರಿತು, ಸೊಂಟ ಬಿದ್ದುಹೋಯಿತು. ಏರಿನಲ್ಲಿ ಅವಳು ಏದುಸಿರು ಬಿಡುವಾಗ ಅವನು ನಿಲ್ಲುತ್ತಿದ್ದ, ಆದರೆ ಕೊಡ ಕೊಡಿ ಎಂದು ಒಮ್ಮೆಯೂ ಕೇಳಲಿಲ್ಲ. ಅದೆಂಥ ಕಲ್ಲು ಮನಸ್ಸು ಎಂದು ಕೊನೆಗೆ ಅವಳೇ ಕೆಣಕಿದಳು.

"ಮೇಡಂ ನಿಮ್ಮ ಷರತ್ತಿನ ಕಥೆ ಹೇಳಿದ್ರು. ನಾನು ಕೊಡ ಇಸ್ಕಂಡಿದ್ರೆ ಗೆದ್ದೋರು ನೀವು ಆಗ್ತಿರಲಿಲ್ಲ," ಎಂದ ಅವನು.

ಇಷ್ಟು ದಿನ ಅವಳ ಭಾರವನ್ನು ಹೊರುತ್ತೇವೆ ಎಂದವರೇ ಎಲ್ಲ. ಅವಳು ಹೊರಬಲ್ಲಳು ಎಂದು ನಂಬಿದವನು ಇವನೊಬ್ಬನೇ. ಹೊನ್ನಕ್ಕನಿಗೆ ಅಲ್ಲೇ ಅವನ ಮೇಲೆ ಮನಸ್ಸಾಯಿತು.

ಮೂರನೆಯ ದಿನ ಸಂಜೆ ಅಪ್ಪ ಜೀಪಿನಲ್ಲಿ ಬಂದರು. ಮಗಳ ಗೀರು ಬಿದ್ದ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. ಆಮೇಲೆ, ಗೆದ್ದೆ ಸರಿ, ಆದರೂ ಆ ಗಂಡನ್ನು ಒಮ್ಮೆ ನೋಡು ಎಂದು ಶುರುಮಾಡಿದರು.

"ನಾನು ಓದ್ತೀನಪ್ಪ. ಓದು ಮುಗಿದ ಮ್ಯಾಲೆ ಆದ್ರೆ ಇವರನ್ನೇ ಆಗ್ತೀನಿ," ಎಂದು ಚಿತ್ರಲಿಂಗಪ್ಪನ ಪಕ್ಕ ಹೋಗಿ ನಿಂತಳು.

ಡೇರೆಯ ಹಗ್ಗ ಬಿಚ್ಚುತ್ತಿದ್ದ ಅವನ ಕೈ ಅಲ್ಲೇ ನಿಂತಿತು. ಹನುಮಂತಯ್ಯ ಇಬ್ಬರನ್ನೂ ದುರುಗುಟ್ಟಿ ನೋಡಿದರು. ಓದು ಮುಗಿಯಲಿ, ಆಮೇಲೆ ಹುಡುಗನ ಮನೆ ನೋಡೋಣ ಎಂದು ಗೊಣಗಿ ಜೀಪು ಹತ್ತಿದರು. ಹಟ ಮಗಳಿಗೆ ಬಂದದ್ದು ಎಲ್ಲಿಂದ ಎಂದು ಅವರಿಗೂ ಗೊತ್ತಿತ್ತು.

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತಲ್ಲ?" ಚಿತ್ರಲಿಂಗಪ್ಪ ಹಗ್ಗ ಕೆಳಗಿಟ್ಟು ಕೇಳಿದ.

"ಈಗ ಕೇಳ್ತೀನಿ. ಹೇಳ್ರಿ."

"ಆ ಕೊಡ ಕಿತ್ಕಂಡ್ರಲ್ಲ... ಆಗ್ಲೇ ನಿಮ್ಮೋನಾದೆ. ಎಷ್ಟು ವರ್ಷ ಆದ್ರೂ ಕಾಯ್ತೀನಿ. ಮುಂದಿನ ಸಲ ರೇಖೆ ಸುಡುವಾಗ, ನೀವು ನೀರು ಹಾಕಿದ ಆ ಒಂದು ಜಾಗ ಬಿಡ್ತೀನಿ. ನೀವು ಬರಾಕೆ ದಾರಿ ಬೇಕಲ್ಲ."

ಹೊನ್ನಕ್ಕನ ಕಣ್ಣು ತುಂಬಿತು. ಆದರೂ ಗಲ್ಲ ಎತ್ತಿಯೇ ಹೇಳಿದಳು:

"ಬ್ಯಾಡ. ಪೂರ್ತಿ ಸುಡ್ರಿ. ನಾನು ದಾಟ್ಕಂಡೇ ಬರ್ತೀನಿ."