ರಾಜಬೆಕ್ಕೂ ನವಣೆ ಹೊಟ್ಟೂ

ಬಹಳ ಬಹಳ ಹಿಂದೆ, ಮಾಂತ್ರಿಕರು ಬೀದಿಗೊಬ್ಬರಿದ್ದ ಕಾಲದಲ್ಲಿ, ಗುಲಗಂಜಿಪುರ ಅಂತೊಂದು ರಾಜ್ಯ. ಅಲ್ಲೊಬ್ಬ ತೂಗುಮೀಸೆ ದೊರೆ. ದೊರೆಗೊಬ್ಬ ಮಗ, ಚಿತ್ರಾಂಗ. ಅರಮನೆಗೊಂದು ಬೆಕ್ಕು, ಮುತ್ತಿ.

ಊರಾಚೆ ಗವಿಯಲ್ಲಿ ಧೂಳಕೇಶಿ ಎಂಬ ಮಾಂತ್ರಿಕನಿದ್ದ. ಅವನ ಪ್ರಾಣ ಒಂದು ಕೆಂಪು ಮಣಿಯಲ್ಲಿತ್ತು. ಆ ಮಣಿ ಒಂದು ಇಲಿಯ ಹೊಟ್ಟೆಯಲ್ಲಿತ್ತು. ಆ ಇಲಿ ಒಂದು ದಿನ ಅರಮನೆಯ ಉಗ್ರಾಣಕ್ಕೆ ಬಂತು. ಮುಂದಿನದು ಬೇರೆ ಹೇಳಬೇಕಾ? ಮುತ್ತಿ ಇಲಿಯನ್ನು ನುಂಗಿ ಮೀಸೆ ಒರೆಸಿಕೊಂಡಿತು.

ಮಾಂತ್ರಿಕ ಉರಿದುಬಿದ್ದ. ಮಂತ್ರ ಹಾಕಿ ಊರಿನ ಮಣ್ಣನ್ನೆಲ್ಲ ಬಿಳೀ ಕಲ್ಲುಪುಡಿ ಮಾಡಿದ. ಗಿಡುಗನಾಗಿ ಹಾರಿಬಂದು ಕೂಗಿದ: "ಈ ಪುಡಿಯ ಮೇಲೆ ಬಿದ್ದದ್ದೆಲ್ಲ ಇಂಗಿ ನನ್ನ ಗವಿಗೆ ಬರುತ್ತೆ! ನನ್ನ ಮಣಿ ನುಂಗಿದ ಬೆಕ್ಕು ಹೊರಕಡೆಗೆ ಹೋಗದೆ ಎಷ್ಟು ಹೊತ್ತು ತಡ್ಕೊಳ್ಳುತ್ತೆ ನೋಡೋಣ. ದೊರೆಯೇ, ಇವತ್ತು ಸೂರ್ಯ ಮುಳುಗೋ ಹೊತ್ತಿಗೆ ನೀನು ನೆತ್ತಿವರೆಗೆ ಕಲ್ಲು. ಮಣಿ ಒಡೆದರೆ ಮಾತ್ರ ಬಿಡುಗಡೆ!" ಗುಟ್ಟೆಲ್ಲ ತಾನೇ ಹೇಳಿಹೋದ. ಕೆಟ್ಟವರಿಗೆ ಬಾಯಿ ನಿಲ್ಲಲ್ಲ.

ಮುತ್ತಿ ಅಂಗಳದ ಪುಡಿ ಕೆರೆಯಿತು. ಧೂಳೆದ್ದಿತು. ಕೆಮ್ಮಿತು. ಚಿತ್ರಾಂಗ ಓಡಿಬಂದು ಅದನ್ನೆತ್ತಿ ಒಳಗೆ ಹಾಕಿ ಬಾಗಿಲು ಜಡಿದ. ಬೆಕ್ಕು ಕೂತಿತು, ಎದ್ದಿತು, ತಿರುಗಿತು, ಮತ್ತೆ ಕೂತಿತು. ಆಗೆಲ್ಲ ಬೆಕ್ಕುಗಳಿಗೂ ಮಾತು ಬರುತ್ತಿತ್ತು. ಆದರೆ ಇದರ ಗಂಟಲೆಲ್ಲ ಧೂಳು. "ಹೊಟ್ಟ್... ಹೊಟ್ಟ್..." ಅಷ್ಟೇ.

"ಹೊಟ್ಟೆ ಅಂತಿದೆ!" ಎಂದ ಆಸ್ಥಾನವೈದ್ಯ ಕಷಾಯಭಟ್ಟ. ಒಂದು ಒಳಲೆ ಹರಳೆಣ್ಣೆ ಕುಡಿಸಿಯೇಬಿಟ್ಟ.

ಅಯ್ಯೋ ಶಿವನೇ! ನಡೆಯುತ್ತಿದ್ದ ಬೆಕ್ಕು ಹಾರತೊಡಗಿತು.

"ಕಲ್ಲು ಮೊಣಕಾಲಿಗೆ ಬಂತು ಕಣಯ್ಯಾ!" ಸಿಂಹಾಸನದಿಂದ ದೊರೆ ಕೂಗಿದ.

ಚಿತ್ರಾಂಗ ತಲೆ ಓಡಿಸಿದ. "ಅವನ ಆಟ ಕಲ್ಲು ಮಣ್ಣಿನ ಮೇಲೆ. ಗಿಡಮರದಿಂದ ಬಂದದ್ದರ ಮೇಲೆ ನಡೆಯಲ್ಲ." ಬೆಕ್ಕು ಕೂರಲೆಂದು ಹರಿವಾಣದ ತುಂಬ ಗಂಧದ ಪುಡಿ ತರಿಸಿದ. ಮುತ್ತಿ ಮೂಸಿತು. ಘಾಟಿಗೆ ಹನ್ನೊಂದು ಸಲ ಸೀನಿ ತೊಲೆ ಹತ್ತಿತು.

"ಸೊಂಟಕ್ಕೆ ಬಂತು ಕಣಯ್ಯಾ!"

ತೆಂಗಿನ ನಾರು ತರಿಸಿದ. ಮುತ್ತಿ ಕೂತಿತು. ಎಲ್ಲರೂ ಉಸಿರು ಹಿಡಿದರು. ನಾರು ಉಗುರಿಗೆ ಸಿಕ್ಕಿಕೊಂಡಿತು. ಬೆಕ್ಕು ಬೆದರಿ ಓಡಿತು, ನಾರಿನ ಉಂಡೆ ಹಿಂದೆ ಹಿಂದೆ, ಅದರ ಹಿಂದೆ ಸೇನಾಪತಿ.

"ಎದೆಗೆ ಬಂತು! ಲೇ ಮಂಕುಗಳಾ, ಎದೆಗೆ ಬಂತು!"

ಹಿತ್ತಲಲ್ಲಿ ನವಣೆ ಕುಟ್ಟುತ್ತಿದ್ದ ಸಾತವ್ವ ಒನಕೆ ಸಮೇತ ಒಳಗೆ ಬಂದಳು. "ಏನ್ರಪ್ಪಾ ಇದು ಗದ್ದಲ?"

"ಹೊಟ್ಟ್..." ಎಂದಿತು ಮುತ್ತಿ.

"ಹೊಟ್ಟೆ ನೋವಂತೆ," ಎಂದ ವೈದ್ಯ.

"ನಿನ್ನ ತಲೆ! ಹೊಟ್ಟೆ ಅಲ್ಲ ಕಣೋ ಪಂಡಿತಾ, ಹೊಟ್ಟು! ದಿನಾ ಬೆಳಿಗ್ಗೆ ನನ್ನ ಹೊಟ್ಟಿನ ಗುಡ್ಡೆಗೇ ಬರುತ್ತೆ ಈ ಕಳ್ಳಿ. ಬೈದು ಬೈದು ನನ್ನ ಬಾಯಿ ಸವೀತು."

ಓಡಿಹೋಗಿ ಮೊರದ ತುಂಬ ನವಣೆ ಹೊಟ್ಟು ತಂದಿಟ್ಟಳು. ಮೆತ್ತಗಿತ್ತು. ಧೂಳಿಲ್ಲ, ಘಾಟಿಲ್ಲ. ಮುತ್ತಿ ಒಂದು ಸುತ್ತು ಬಂದು ಬಾಲ ಎತ್ತಿತು.

"ಎಲ್ರೂ ಆ ಕಡೆ ತಿರುಗಿ!" ಗದರಿದಳು ಸಾತವ್ವ. "ಇಷ್ಟು ಜನ ನೋಡ್ತಾ ನಿಂತ್ರೆ ನಿಮಗಾದ್ರೂ ಬರುತ್ತಾ?"

ಇಡೀ ಆಸ್ಥಾನ ಗೋಡೆಗೆ ಮುಖ ಮಾಡಿತು. ದೊರೆಗೆ ತಿರುಗಲಾಗಲಿಲ್ಲ, ಕಣ್ಣು ಮುಚ್ಚಿಕೊಂಡ.

ಹೊಟ್ಟಿನ ನಡುವೆ ಮಣಿ ಕೆಂಪಗೆ ಮಿನುಗಿತು! ಅದೇ ಕ್ಷಣ ಗಿಡುಗ ಕಿಟಕಿಯಿಂದ ನುಗ್ಗಿತು.

"ಮಣಿ ಹಿಡೀರೋ!" ದೊರೆಗೆ ಕಲ್ಲು ಗದ್ದ ಮುಟ್ಟಿತ್ತು.

ಸೇನಾಪತಿ ವೈದ್ಯನನ್ನು ನೋಡಿದ. ವೈದ್ಯ ಮೂಗು ಮುಚ್ಚಿ "ನಂಗೆ ಮಡಿ" ಎಂದ. ಚಿತ್ರಾಂಗ ಕೈ ಚಾಚಿದ, ಗಿಡುಗ ಆ ಕೈಯನ್ನೇ ಕುಕ್ಕಿತು.

"ಸರಿ ಆಚೆ!" ಎಂದಳು ಸಾತವ್ವ. ಒನಕೆ ಎತ್ತಿದಳು. ಢಬ್!

ಮಣಿ ಪುಡಿ. ಮೊರವೂ ಪುಡಿ. ಗಿಡುಗ ಗಾಳಿಯಲ್ಲೇ ಒಂದು ಹಿಡಿ ಧೂಳಾಗಿ ಉದುರಿತು. ಊರಿನ ಮಣ್ಣು ಮತ್ತೆ ಮಣ್ಣಾಯಿತು. ದೊರೆ ಮೈ ಮುರಿದು ಎದ್ದ. "ಏನು ಬೇಕು ಕೇಳು ತಾಯಿ."

"ಒಂದು ಹೊಸ ಮೊರ. ಆಮೇಲೆ ಈ ಜಾಗ ವೈದ್ಯರೇ ತೊಳೀಲಿ."

ಅವತ್ತಿನಿಂದ ಅರಮನೆಯ ಮೂಲೆಯಲ್ಲಿ ದಿನಾ ಒಂದು ಮೊರ ನವಣೆ ಹೊಟ್ಟು. ದೊರೆ ಸುಖ, ಊರು ಸುಖ, ಎಲ್ಲರಿಗಿಂತ ಮುತ್ತಿ ಸುಖ. ಅದು ಅಲ್ಲಿ ಕೆರೆದು ಕೆರೆದು ಹೊಟ್ಟು ಮುಚ್ಚಿತು, ನಾನು ಇಲ್ಲಿ ಬಾಯಿ ಮುಚ್ಚಿದೆ.